ಹಸಿರು ಗೇಟಿನ ಮುಂದೆ ನಿಲ್ಲುವ ಟ್ರಂಪೆಟ್ಟು

ಆಲ್ಬಮ್ಮಿನ ಕೊನೆಯ ತುಣುಕು ಕೇಳುವಾಗ ನನ್ನ ಫೋನು ಕೆಟ್ಟಿತು ಅಂದುಕೊಂಡೆ. ಸೊಗಸಾಗಿ ಹೋಗುತ್ತಿದ್ದ ಟ್ರಂಪೆಟ್ಟು ಇದ್ದಕ್ಕಿದ್ದ ಹಾಗೆ ನಿಂತೇಹೋಯಿತು. ಫೋನನ್ನು ಅಂಗೈಗೆ ಎರಡು ಸಲ ಕುಟ್ಟಿದೆ. ಡೇಟಾ ಮುಗಿಯಿತೇನೋ ಅಂತ ನೋಡಿದೆ, ಬೇಕಾದಷ್ಟಿತ್ತು. ಅಷ್ಟರಲ್ಲಿ ಟ್ರಂಪೆಟ್ಟು ಏನೂ ಆಗೇ ಇಲ್ಲವೇನೋ ಅನ್ನುವ ಹಾಗೆ ಬಿಟ್ಟ ಸ್ವರದಿಂದಲೇ ಮತ್ತೆ ಶುರುವಾಯಿತು. ಮಾರನೇ ದಿನ ಫೋನನ್ನು ನಮ್ಮ ಹಲಸೂರಿನ ಮೊಬೈಲ್ ಅಂಗಡಿಗೆ ತೆಗೆದುಕೊಂಡು ಹೋದೆ. ಅಂಗಡಿಯವನು ಕಿವಿಗಿಟ್ಟು ಕೇಳಿ, "ಆಂಟಿ, ಫೋನ್ ಸರಿಯಾಗೇ ಇದೆ. ಹಾಡೇ ಹಿಂಗಿದೆ" ಅಂದ. ಹಾಡು ಹೀಗಿರೋದಕ್ಕೆ ಸಾಧ್ಯವೇನಯ್ಯಾ ಅಂತ ಅವನ ಮೇಲೆ ರೇಗಿ ಬಂದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ವಿಮಾ ಕಚೇರಿಯ ಕೌಂಟರಿನ ಹಿಂದೆ ಇಪ್ಪತ್ತೆಂಟು ವರ್ಷ ಕೂತವಳಿಗೆ ಇನ್ನೆಲ್ಲಿರಬೇಕು.

ಆಲ್ಬಮ್ ಕಳಿಸಿದ್ದು ಕಲ್ಯಾಣ ನಗರದಲ್ಲಿರುವ ನನ್ನ ತಂಗಿಯ ಮಗಳು. "ದೊಡ್ಡಮ್ಮ, ಇದನ್ನ ಕೇಳು. ಶಿವಾಜಿನಗರದೋರಂತೆ. ಯಾವ ಕಂಪನಿನೂ ಇಲ್ಲ, ತಾವೇ ಊದಿ, ತಾವೇ ರೆಕಾರ್ಡ್ ಮಾಡಿ, ತಾವೇ ಹಾಕಿದ್ದಾರೆ. ಹಾಡೋದು ಗೀಡೋದು ಏನಿಲ್ಲ, ಬರೀ ಟ್ರಂಪೆಟ್ಟು" ಅಂತ ಮೆಸೇಜು ಹಾಕಿದ್ದಳು. ಅವಳು ಕಳಿಸುವ ನೂರರಲ್ಲಿ ತೊಂಬತ್ತೊಂಬತ್ತನ್ನು ನಾನು ತೆಗೆಯುವುದೇ ಇಲ್ಲ. ಇದನ್ನು ತೆಗೆದಿದ್ದು ಚಿತ್ರ ನೋಡಿ. ಆಟೋದ ಹಿಂದಿನ ಸೀಟಿನ ಮೇಲೆ ಒಂದು ಟ್ರಂಪೆಟ್ಟು, ಪ್ಯಾಸೆಂಜರಿನ ಹಾಗೆ ಒಂದೇ ಕೂತಿತ್ತು.

ಎಂಟು ತುಣುಕುಗಳು. ಊದಿದವರ ಬಗ್ಗೆ ಕೆಳಗೆ ಒಂದೇ ಸಾಲು: ಮದುವೆ ಸೀಸನ್ನಿನಲ್ಲಿ ಬ್ಯಾಂಡ್ ಸೆಟ್ಟಿನಲ್ಲಿ ಊದುತ್ತಾರೆ, ಮಿಕ್ಕ ದಿನ ತಮಗಾಗಿ ಊದುತ್ತಾರೆ. ಮೊದಲನೆಯದನ್ನು ಹುರುಳಿಕಾಯಿ ಸೋಸುತ್ತಾ ಕೇಳಿದೆ. ಎರಡನೆಯದಕ್ಕೆ ಬರುವ ಹೊತ್ತಿಗೆ ಹುರುಳಿಕಾಯಿ ಬಿಟ್ಟು ಕೂತಿದ್ದೆ. ಚಿಕ್ಕವಳಿದ್ದಾಗ ನಾಲ್ಕು ವರ್ಷ ಸಂಗೀತಕ್ಕೆ ಹೋಗಿದ್ದೆ, ವರ್ಣದ ಹತ್ತಿರ ನಿಂತಿತು. ಆದರೂ ಮೋಹನ ರಾಗ ಬಂದರೆ ಗುರುತು ಹತ್ತುತ್ತದೆ. ಮೂರನೆಯ ತುಣುಕಿನಲ್ಲಿ ಅವರು ಮೋಹನದ ಗಾಂಧಾರವನ್ನು ಹಿಡಿದು ಅಲುಗಾಡಿಸಿದ್ದನ್ನು ಕೇಳಿ, ಮೂರೇ ಮೂರು ಗುಂಡಿ ಇರುವ ವಾದ್ಯದಲ್ಲಿ ಇದು ಹ್ಯಾಗೆ ಸಾಧ್ಯ ಅಂತ ತಲೆಕೆಡಿಸಿಕೊಂಡೆ. ಗುಂಡಿಯನ್ನು ಪೂರ್ತಿ ಒತ್ತದೆ ಅರ್ಧಕ್ಕೆ ಬಿಡುತ್ತಾರೋ, ತುಟಿಯಲ್ಲೇ ಮಾಡುತ್ತಾರೋ? ಹತ್ತು ಸಲ ಹಿಂದಕ್ಕೆ ಹಾಕಿ ಕೇಳಿದೆ. ಗುಂಡಿಗಳ ಟಕಟಕ ಸದ್ದು, ಊದುವ ಮೊದಲು ಎಳೆದುಕೊಳ್ಳುವ ಉಸಿರು, ಎಲ್ಲೋ ಹಿಂದೆ ಯಾರದೋ ಮನೆಯ ಕುಕ್ಕರಿನ ವಿಷಲ್ಲು, ಎಲ್ಲವೂ ಕೇಳುತ್ತಿತ್ತು. ದೊಡ್ಡ ಸ್ಟುಡಿಯೋದವರಾಗಿದ್ದರೆ ಆ ವಿಷಲ್ಲನ್ನು ಅಳಿಸಿಬಿಡುತ್ತಿದ್ದರು. ಇವರು ಬಿಟ್ಟಿದ್ದರು, ಅದಕ್ಕೇ ನನಗೆ ಮನುಷ್ಯ ಹಿಡಿಸಿದ.

ಎಂಟನೆಯದರ ಹೆಸರು ‘ಮೆರವಣಿಗೆ ದಾರಿ’. ಹನ್ನೊಂದು ನಿಮಿಷ. ಒಂದು ಟ್ರಂಪೆಟ್ಟು, ಒಂದು ಸೈಡ್ ಡ್ರಮ್ಮು, ಕೆಳಗೆ ನಡೆಯುವ ಹೆಜ್ಜೆಗಳ ಸದ್ದು. ಈ ಹನ್ನೊಂದು ನಿಮಿಷದಲ್ಲಿ ಮೂರು ಸಲ ಟ್ರಂಪೆಟ್ಟು ನಿಲ್ಲುತ್ತದೆ. ನಿಂತಾಗ ಡ್ರಮ್ಮಿನವರು ಚರ್ಮದ ಮೇಲೆ ಹೊಡೆಯುವುದನ್ನು ಬಿಟ್ಟು ಅಂಚಿನ ಮೇಲೆ ಟಿಕ್ ಟಿಕ್ ಅಂತ ಮೆಲ್ಲಗೆ ತಟ್ಟುತ್ತಾರೆ, ಹೆಜ್ಜೆಗಳು ಮಾತ್ರ ಹೋಗುತ್ತಲೇ ಇರುತ್ತವೆ. ಆಮೇಲೆ ಟ್ರಂಪೆಟ್ಟು ಮತ್ತೆ ಎತ್ತಿಕೊಳ್ಳುತ್ತದೆ. ಕೇಳಿದವರು ಕೆಳಗೆ ಏನೇನೋ ಬರೆದಿದ್ದರು. ಒಬ್ಬರಿಗೆ ಅದು ಮೌನದ ಧ್ಯಾನ, ಇನ್ನೊಬ್ಬರಿಗೆ ನಗರದ ನಡುವಿನ ಶೂನ್ಯ. ಶೂನ್ಯವೂ ಇಲ್ಲ ಶುಂಠಿಯೂ ಇಲ್ಲ, ಬ್ಯಾಂಡಿನವರು ಅಷ್ಟೆಲ್ಲ ಯೋಚಿಸಿ ನಿಲ್ಲಿಸುತ್ತಾರಾ, ಇದಕ್ಕೆ ಬೇರೆ ಏನೋ ಕಾರಣ ಇದೆ ಅಂತ ನನಗೆ ಆಗಲೇ ಅನ್ನಿಸಿತ್ತು.

ಯಾಕೆ ಅನ್ನಿಸಿತು ಅಂದರೆ, ಆ ಟಿಕ್ ಟಿಕ್ ನನಗೆ ಗೊತ್ತಿತ್ತು.

ನಮ್ಮಮ್ಮನಿಗೆ ಬ್ಯಾಂಡಿನ ಹುಚ್ಚು. ನಮ್ಮ ಬೀದಿಯ ಈ ತುದಿಗೆ ಮಾರ್ಕೆಟ್ಟು, ಆ ತುದಿಗೆ ಮದುವೆ ಛತ್ರ. ಹಾಗಾಗಿ ಲಗ್ನದ ತಿಂಗಳುಗಳಲ್ಲಿ ಸಂಜೆ ಆರಕ್ಕೋ ಏಳಕ್ಕೋ ಒಂದಲ್ಲ ಒಂದು ಗಂಡಿನ ಮೆರವಣಿಗೆ ಮನೆ ಮುಂದೆ ಹೋಗಲೇಬೇಕು. ಅಮ್ಮ ಕೈಯಲ್ಲಿ ಚಪಾತಿ ಹಿಟ್ಟು ಮೆತ್ತಿಕೊಂಡೇ ಮುಂದಿನ ಕೋಣೆಯ ಕಿಟಕಿಗೆ ಓಡುತ್ತಿದ್ದಳು. ಮದುವೆ ಗಂಡನ್ನು ನೋಡುವುದಕ್ಕಲ್ಲ. "ಆ ತುತ್ತೂರಿಯೋನ ಕೆನ್ನೆ ನೋಡೇ" ಅನ್ನುತ್ತಿದ್ದಳು. ಟ್ರಂಪೆಟ್ಟು ಅವಳ ಬಾಯಲ್ಲಿ ಕೊನೆಯವರೆಗೂ ತುತ್ತೂರಿಯೇ.

ಎಂಟು ವರ್ಷದ ಹಿಂದೆ ಅವಳು ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು, ಎದ್ದು ಓಡಾಡುವಂತಾಗಲಿಲ್ಲ. ನಾನು ಕೆಲಸದಿಂದ ಸ್ವಯಂನಿವೃತ್ತಿ ತೆಗೆದುಕೊಂಡು ಮನೆಯಲ್ಲಿ ಕೂತೆ. ಮಂಚವನ್ನು ಮುಂದಿನ ಕೋಣೆಗೆ ತಂದು, ಕಿಟಕಿಯ ಪಕ್ಕವೇ ಹಾಕಿದೆ. ಚಿಲಕ ಮಾತ್ರ ಅವಳ ಕೈಗೆ ಸಿಗುತ್ತಿರಲಿಲ್ಲ. ಆಗ ನನಗೆ ಬೀದಿಯ ಸದ್ದುಗಳ ಮೇಲೆಲ್ಲ ಯುದ್ಧ. ತರಕಾರಿ ಗಾಡಿಯವನ ಸ್ಪೀಕರು, ಎದುರು ಮನೆಯವರ ಬೈಕಿನ ಹಾರನ್ನು, ಚಾಕು ಮಸೆಯುವವನ ಚಕ್ರ, ಯಾರನ್ನೂ ಬಿಟ್ಟವಳಲ್ಲ. ಅಮ್ಮ ಕಣ್ಣು ಮುಚ್ಚಿದರೆ ಸಾಕು, ನಾನು ಗೇಟಿನಲ್ಲಿ ಕಾವಲು.

ಸ್ವಲ್ಪ ಚೇತರಿಸಿಕೊಂಡ ಮೇಲೆ ಅಮ್ಮ ಮತ್ತೆ ಬ್ಯಾಂಡಿಗೆ ಕಾಯುವುದಕ್ಕೆ ಶುರು ಮಾಡಿದಳು. ದೂರದಲ್ಲಿ ಮೊದಲ ಸದ್ದು ಕೇಳಿದ ತಕ್ಷಣ, "ಬರ್ತಿದೆ, ಕಿಟಕಿ ತೆಗಿ" ಅನ್ನುತ್ತಿದ್ದಳು. ನಾನು ಒಲೆ ಸಣ್ಣ ಮಾಡಿ ಬಂದು ಚಿಲಕ ತೆಗೆಯುವಷ್ಟರಲ್ಲಿ ಬ್ಯಾಂಡು ನಿಂತಿರುತ್ತಿತ್ತು. ಬರೀ ಟಿಕ್ ಟಿಕ್, ಬರೀ ಕಾಲು ಎಳೆಯುವ ಸದ್ದು. ಬ್ಯಾಂಡಿನವರು ತುತ್ತೂರಿಗಳನ್ನು ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಮನೆ ದಾಟುತ್ತಿದ್ದರು. ಆಚೆ ಟೈಲರ್ ಅಂಗಡಿ ಕಳೆದ ಮೇಲೆ ಮತ್ತೆ ಜೋರಾಗಿ ಶುರು. "ಹಾಡು ಬದಲಾಯಿಸ್ತಿದ್ದಾರೆ ಬಿಡಮ್ಮ" ಅನ್ನುತ್ತಿದ್ದೆ. "ಪ್ರತಿ ಸಲ ಇಲ್ಲೇ ಬಂದು ಬದಲಾಯಿಸ್ತಾರೇನೆ" ಅಂತ ಅವಳು. ಒಂದೊಂದು ಸಲ ನಾನು ಅಡುಗೆಮನೆಯಿಂದ ಬರುವುದೇ ತಡವಾಗುತ್ತಿತ್ತು. ಮಿಕ್ಸಿ ಹಾಕಿರುತ್ತಿದ್ದೆ.

ನನ್ನ ಮಾತು ನಂಬದೆ ಕೊನೆಗೆ ಅವಳೇ ಒಂದು ತೀರ್ಮಾನಕ್ಕೆ ಬಂದಳು. "ನನ್ನ ಕಿವಿ ಹೋಗಿದೆ ಕಣೆ. ದೂರದ್ದು ಕೇಳುತ್ತೆ, ಹತ್ತಿರ ಬಂದಿದ್ದು ಕೇಳಲ್ಲ." ಅಂಥ ಕಿವುಡು ಎಲ್ಲಾದರೂ ಉಂಟೇ ಅಂತ ನಾನು ನಕ್ಕೆ. ಅವಳು ನಗಲಿಲ್ಲ. ಕಿವಿ ಡಾಕ್ಟರನ್ನೇ ಮನೆಗೆ ಕರೆಸಿದೆ. ಅವರು ನೋಡಿ, ವಯಸ್ಸಿಗೆ ತಕ್ಕ ಹಾಗೆ ಚೆನ್ನಾಗೇ ಇದೆ ಅಂದರು. ಅಮ್ಮ ಡಾಕ್ಟರನ್ನು ನಂಬಲಿಲ್ಲ. ಬರಬರುತ್ತಾ ಕಿಟಕಿ ತೆಗಿ ಅನ್ನುವುದನ್ನೂ ಬಿಟ್ಟಳು. ಎರಡು ವರ್ಷ ಹಾಗೇ ಮಲಗಿದ್ದು ಹೋದಳು. ತನ್ನ ಕಿವಿ ಕೆಟ್ಟಿದೆ ಅಂದುಕೊಂಡೇ ಹೋದಳು. ಅದೊಂದು ನನಗೆ ಮುಳ್ಳಿನ ಹಾಗೆ ಉಳಿದುಬಿಟ್ಟಿತ್ತು. ಆಮೇಲೆ ಆ ಕಿಟಕಿಯನ್ನು ನಾನು ತೆಗೆಯಲೇ ಇಲ್ಲ, ಬ್ಯಾಂಡು ಬಂದರೂ ಕಿವಿ ಕೊಡಲಿಲ್ಲ.

ಅದಕ್ಕೇ ಈಗ ಆಲ್ಬಮ್ಮಿನಲ್ಲಿ ಅದೇ ಟಿಕ್ ಟಿಕ್ ಕೇಳಿದಾಗ ಸುಮ್ಮನಿರುವುದಕ್ಕೆ ಆಗಲಿಲ್ಲ. ಬ್ಯಾಂಡು ಯಾಕೆ ನಿಲ್ಲುತ್ತದೆ ಅಂತ ಗೊತ್ತಾದರೆ, ಅಮ್ಮನ ಕಿವಿ ಸರಿಯಾಗಿತ್ತು ಅಂತ ನನಗಾದರೂ ಖಾತ್ರಿಯಾಗುತ್ತದೆ.

ತುಣುಕಿನ ಕೆಳಗೆ ಊದಿದವರೇ ಬರೆದಿದ್ದರು: ಹಲಸೂರು ಮಾರ್ಕೆಟ್ಟಿನಿಂದ ಛತ್ರದವರೆಗೆ, ನಡೀತಾ ಕೇಳಿ. ಅಂದರೆ ನಮ್ಮದೇ ಬೀದಿ. ಬೆಳಿಗ್ಗೆ ತರಕಾರಿ ಚೀಲ ಹಿಡಿದು, ಕಿವಿಗೆ ವೈರು ಸಿಕ್ಕಿಸಿಕೊಂಡು ಮಾರ್ಕೆಟ್ಟಿನಿಂದ ಹೊರಟೆ. ಮೊದಲನೇ ಸಲ ಟ್ರಂಪೆಟ್ಟು ನಿಂತಾಗ ನಾನು ಬೇಕರಿ ಮುಂದಿದ್ದೆ. ಎರಡನೇ ಸಲ ನಿಂತಾಗ ನನ್ನ ಮನೆ ದಾಟಿ ಇಸ್ತ್ರಿ ಗಾಡಿಯ ಮುಂದೆ ಬಂದಾಗಿತ್ತು. ಬೇಕರಿಗೂ ಇಸ್ತ್ರಿ ಗಾಡಿಗೂ ಏನು ಸಂಬಂಧ? ತಲೆಬುಡ ಗೊತ್ತಾಗಲಿಲ್ಲ. ಮನೆಗೆ ಬಂದು ಕಾಫಿ ಕುಡಿಯುವಾಗ ಹೊಳೆಯಿತು, ನಾನು ನಡೆದಿದ್ದು ಹುರುಳಿಕಾಯಿ ತರುವವಳ ನಡಿಗೆ. ಮದುವೆ ಬ್ಯಾಂಡು ಹಾಗೆ ನಡೆಯುವುದಿಲ್ಲ, ಹಿಂದೆ ಕಾರಿನಲ್ಲಿ ಗಂಡು ತೆವಳುತ್ತಾ ಬರುತ್ತಿರುತ್ತಾನೆ.

ಮಾರನೇ ಬೆಳಿಗ್ಗೆ ರೆಕಾರ್ಡಿನಲ್ಲಿ ಕೇಳುವ ಹೆಜ್ಜೆಗೆ ನನ್ನ ಹೆಜ್ಜೆ ಹಾಕಿದೆ. ಒಂದು, ಎರಡು, ಒಂದು, ಎರಡು. ಹೂವಿನವಳು ನನಗೇನೋ ಆಗಿದೆ ಅಂದುಕೊಂಡು, "ಯಾಕ್ರೀ ಅಕ್ಕಾ, ಕಾಲು ನೋವಾ" ಅಂತ ಕೇಳಿದಳು. ಅವಳಿಗೆ ಕೈ ಬೀಸಿ ಮುಂದೆ ಹೋದೆ. ಮೊದಲನೇ ಸಲ ಟ್ರಂಪೆಟ್ಟು ನಿಂತಿದ್ದು ನರ್ಸಿಂಗ್ ಹೋಮಿನ ಬಾಗಿಲಲ್ಲಿ, ಶುರುವಾಗಿದ್ದು ಅದರ ಕಾಂಪೌಂಡು ಮುಗಿದ ಮೇಲೆ. ಓಹೋ, ಇದಾ ವಿಷಯ ಅಂತ ನನಗೆ ಎಷ್ಟು ಖುಷಿಯಾಯಿತು ಅಂದರೆ, ಅಲ್ಲೇ ನಿಂತು ನಕ್ಕುಬಿಟ್ಟೆ. ಎರಡನೇ ಸಲ ನಿಂತಿದ್ದು ಸಣ್ಣ ಮಸೀದಿಯ ಮುಂದೆ. ಕೊಳಾಯಿಯ ಹತ್ತಿರ ನಿಂತು ಮೆಟ್ಟಿಲು ದಾಟಿದ ಮೇಲೆ ಶುರು. ಲೆಕ್ಕ ತಪ್ಪಲೇ ಇಲ್ಲ.

ಹಾಗಾದರೆ ಮೂರನೆಯದು ಯಾವುದು? ಮುಂದಕ್ಕೆ ಆಸ್ಪತ್ರೆ ಇಲ್ಲ, ಮಸೀದಿ ಇಲ್ಲ, ಚರ್ಚಿಲ್ಲ. ಒಂದು, ಎರಡು. ಲೈಟು ಕಂಬದ ಹತ್ತಿರ ಟ್ರಂಪೆಟ್ಟು ನಿಂತಿತು. ಟಿಕ್ ಟಿಕ್ ಟಿಕ್. ನಾನು ನಡೆಯುತ್ತಲೇ ಇದ್ದೆ. ಪಕ್ಕದಲ್ಲಿ ನನ್ನ ಗೇಟು ಬಂತು, ನನ್ನ ತುಳಸಿ ಕುಂಡ ಬಂತು, ಅಮ್ಮನ ಕಿಟಕಿ ಬಂತು. ಟೈಲರ್ ಅಂಗಡಿ ದಾಟಿದ ಮೇಲೆ ಟ್ರಂಪೆಟ್ಟು ಮತ್ತೆ ಎತ್ತಿಕೊಂಡಿತು.

ಮೈಯೆಲ್ಲ ಉರಿಯಿತು. ಅಮ್ಮನ ಕಿವಿಗೆ ಏನೂ ಆಗಿರಲಿಲ್ಲ. ಈ ಜನ ಬೇಕಂತಲೇ ನಮ್ಮ ಮನೆ ಮುಂದೆ ನಿಲ್ಲಿಸಿದ್ದರು. ಯಾರು ಹೇಳಿದ್ದು ಇವರಿಗೆ? ಎದುರು ಮನೆಯವರಾ? ಅವತ್ತೇ ಮಧ್ಯಾಹ್ನ ಶಿವಾಜಿನಗರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನೇನು ಬೈಯಬೇಕು ಅಂತ ಜೋಡಿಸಿಕೊಂಡೆ.

ಅಲ್ಲಿನ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಬ್ಯಾಂಡಿನವರ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಇಬ್ಬರು ಎದುರುಬದುರು ನಿಂತರೆ ತುಂಬಿಹೋಗುವಂಥ ಜಾಗ. ಜರಿ ಅಂಚಿನ ಕೆಂಪು ಕೋಟುಗಳು ಸಾಲಾಗಿ ತೂಗುಹಾಕಿದ್ದವು. ಬೆಂಚಿನ ಮೇಲೆ ಒಬ್ಬರು ಮುದುಕರು ಡ್ರಮ್ಮಿನ ಪಕ್ಕ ಮಲಗಿ ನಿದ್ದೆ ಮಾಡುತ್ತಿದ್ದರು. ನಲವತ್ತೈದರ ಆಸುಪಾಸಿನ ಒಬ್ಬರು ದಾರಕ್ಕೆ ಬಟ್ಟೆ ಕಟ್ಟಿ ಟ್ರಂಪೆಟ್ಟಿನ ಕೊಳವೆಯಲ್ಲಿ ತೂರಿಸಿ ಎಳೆಯುತ್ತಿದ್ದರು. ಆಲ್ಬಮ್ ಮಾಡಿದ್ದು ನೀವೇನಾ ಅಂದೆ. ಹೌದು ಮೇಡಂ ಅಂದರು.

"ಕೊನೇ ಹಾಡಲ್ಲಿ ಮೂರು ಸಲ ನಿಲ್ಲಿಸ್ತೀರಲ್ಲ."

ಆ ಮನುಷ್ಯನ ಮುಖ ಅರಳಿತು. "ಎಣಿಸಿದ್ರಾ ಮೇಡಂ? ಇಷ್ಟು ಜನ ಕೇಳಿದಾರೆ, ಎಣಿಸಿದೋರು ನೀವೇ ಫಸ್ಟು." ಬಟ್ಟೆ ಪಕ್ಕಕ್ಕಿಟ್ಟು, ನನಗೆ ಸ್ಟೂಲು ಎಳೆದು ಕೊಟ್ಟು ಹೇಳಿದರು. "ನಮ್ಮ ಸೆಟ್ಟಲ್ಲಿ ಒಂದೊಂದು ಬೀದಿಗೂ ಒಂದೊಂದು ಪಟ್ಟಿ ಇದೆ ಮೇಡಂ. ಬರೆದಿಟ್ಟಿಲ್ಲ, ಬಾಯಲ್ಲೇ. ಹೊಸಬ್ರು ಬಂದ್ರೆ ಹಾಡು ಕಲಿಸೋಕೆ ಮುಂಚೆ ಇದನ್ನ ಕಲಿಸ್ತೀವಿ, ಎಲ್ಲೆಲ್ಲಿ ಸುಮ್ನಿರ್ಬೇಕು ಅಂತ. ಆ ಹಲಸೂರು ಬೀದಿದು ಹೇಳ್ತೀನಿ ನೋಡಿ. ನರ್ಸಿಂಗ್ ಹೋಮು, ಮಸೀದಿ, ಹಸಿರು ಗೇಟು. ಮಾಸ್ಟರು ಡ್ರಮ್ಮಿನ ಅಂಚು ತಟ್ಟಿದ್ರೆ ಎಲ್ಲಾರೂ ನಿಲ್ಲಿಸ್ಬೇಕು. ಮೂವತ್ತು ವರ್ಷ ಊದಿದೀನಲ್ಲ, ಊದಿದ್ದಕ್ಕಿಂತ ಆ ಸುಮ್ನಿದ್ದಿದ್ದೇ ಜಾಸ್ತಿ ಜ್ಞಾಪಕ ಇದೆ. ಅದನ್ನ ಬಿಟ್ಟು ರೆಕಾರ್ಡ್ ಮಾಡಿದ್ರೆ ಅದು ನಮ್ಮ ದಾರಿ ಹೆಂಗಾಗುತ್ತೆ, ಹೇಳಿ."

ಬೇರೆ ದಿನವಾಗಿದ್ದರೆ ಆ ಮಾತಿಗೆ ನಾನು ಕೈ ಮುಗಿಯುತ್ತಿದ್ದೆ. ಆದರೆ ಬಂದಿದ್ದು ಜಗಳಕ್ಕೆ. "ಆ ಹಸಿರು ಗೇಟು ನನ್ನ ಮನೆ. ಅಲ್ಲಿ ನಿಲ್ಲಿಸಿ ಅಂತ ನಿಮಗೆ ಹೇಳಿದ್ದು ಯಾರು?" ಅಂದೆ.

ಅವರು ಟ್ರಂಪೆಟ್ಟನ್ನು ಕೆಳಗಿಟ್ಟರು.

"ನೀವೇ ಮೇಡಂ" ಅಂದರು.

ನಾನು ಇಲ್ಲ ಅಂದೆ. ಅವರು ಮೆಲ್ಲಗೆ, ನನಗೆ ಬೇಜಾರಾಗಬಾರದು ಅನ್ನುವ ಹಾಗೆ ಹೇಳಿದರು. "ಎಂಟು ವರ್ಷ ಆಗಿರ್ಬೇಕು. ನಾವು ಊದ್ಕೊಂಡು ಬರ್ತಿದ್ವಿ, ನೀವು ಗೇಟು ತೆಗೆದು ರೋಡಿಗೇ ಬಂದ್ಬಿಟ್ರಿ. ಒಳಗೆ ನಮ್ಮಮ್ಮ ಸಾಯೋ ಹಂಗಿದಾರೆ, ನಿಮಗೆ ಮನುಷ್ಯತ್ವ ಇಲ್ವಾ ಅಂದ್ರಿ. ನೀವು ಕೇಳಿದ್ದು ಕರೆಕ್ಟೇ ಅಲ್ವಾ ಮೇಡಂ. ನಮಗೆ ಗೊತ್ತಿರ್ಲಿಲ್ಲ. ಅವತ್ತೇ ಪಟ್ಟಿಗೆ ಸೇರಿಸ್ಬಿಟ್ವಿ. ಆ ಕಡೆ ಬರೋ ಬೇರೆ ಸೆಟ್ಟಿನೋರ್ಗೂ ಹೇಳಿದ್ವಿ."

ಬೆಂಚಿನ ಮೇಲೆ ಮಲಗಿದ್ದ ಮುದುಕರು ಯಾವಾಗ ಎದ್ದರೋ, "ಕೈಯಲ್ಲಿ ಸೌಟು ಇತ್ತು" ಅಂದರು. ಅವರೇ ಡ್ರಮ್ಮಿನ ಮಾಸ್ಟರು.

ಸೌಟು ಅಂದ ತಕ್ಷಣ ಎಲ್ಲ ನೆನಪಾಯಿತು. ಆಸ್ಪತ್ರೆಯಿಂದ ಕರೆತಂದ ವಾರ. ಅಮ್ಮ ಎರಡು ದಿನ ನೋವಿನಲ್ಲಿ ನರಳಿ ಆಗಷ್ಟೇ ಕಣ್ಣು ಮುಚ್ಚಿದ್ದಳು. ಸಾರು ಕದಡುತ್ತಿದ್ದವಳು ಸೌಟಿನ ಸಮೇತ ಓಡಿದ್ದೆ. ಆ ವಾರ ನಾನು ಬೈದವರಲ್ಲಿ ಇವರೂ ಒಬ್ಬರು, ಬೆಳಗಾಗುವಷ್ಟರಲ್ಲಿ ಮರೆತಿದ್ದೆ. ಬೈದು ಒಳಗೆ ಬಂದಾಗ ಅಮ್ಮ ಎಚ್ಚರವಾಗೇ ಇದ್ದಳು. "ಯಾಕೆ ನಿಲ್ಲಿಸಿದ್ರು? ಚೆನ್ನಾಗಿತ್ತಲ್ಲ" ಅಂದಿದ್ದಳು. ಅದೂ ಈಗಲೇ ನೆನಪಾಗಿದ್ದು.

"ಅಮ್ಮ ಈಗ ಹೆಂಗಿದಾರೆ ಮೇಡಂ?" ಅಂತ ಟ್ರಂಪೆಟ್ಟಿನವರು ಕೇಳಿದರು.

ಹೋಗಿ ಆರು ವರ್ಷವಾಯಿತು ಅಂದೆ. ಇಬ್ಬರೂ ಎದ್ದು ನಿಂತರು. ಅವರ ಪಾಲಿಗೆ ಅಮ್ಮ ಈ ಕ್ಷಣದವರೆಗೂ ನಮ್ಮ ಮುಂದಿನ ಕೋಣೆಯಲ್ಲಿ ಮಲಗೇ ಇದ್ದಳು. ಆರು ವರ್ಷ, ಎಷ್ಟೋ ಮದುವೆ, ಅಷ್ಟೂ ಸಲ ಅವಳ ನಿದ್ದೆ ಕೆಡದ ಹಾಗೆ ಕಂಕುಳಲ್ಲಿ ತುತ್ತೂರಿ ಇಟ್ಟುಕೊಂಡು ನಡೆದಿದ್ದರು. ಮೂರು ವರ್ಷದ ಹಿಂದೆ ನಾನು ಗೇಟಿಗೆ ಕಪ್ಪು ಬಣ್ಣ ಹೊಡೆಸಿದ್ದೆ. ಅವರಿಗೆ ಅದಿನ್ನೂ ಹಸಿರು ಗೇಟೇ. "ಯಾರೂ ಹೇಳ್ಲಿಲ್ಲ ಮೇಡಂ. ಹೇಳಿದ್ರೆ ತಾನೇ ಪಟ್ಟಿಯಿಂದ ತೆಗೆಯೋದು" ಅಂದರು ಮಾಸ್ಟರು.

ಅಮ್ಮನ ಕಿವಿಯ ಕಥೆ ಹೇಳಿದೆ. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟೆ, ಗೊತ್ತಿಲ್ಲದವರ ಅಂಗಡಿಯಲ್ಲಿ, ಕೆಂಪು ಕೋಟುಗಳ ಕೆಳಗೆ. ಅವಳಿಗೆ ಇದ್ದ ಒಂದೇ ಒಂದು ಸಂತೋಷವನ್ನು ನಾನೇ ಗೇಟಿನಲ್ಲಿ ತಡೆದು, ಎರಡು ವರ್ಷ ಅವಳ ಮೇಲೆ ನಕ್ಕಿದ್ದೆ. ಟ್ರಂಪೆಟ್ಟಿನವರು ಸಾರಿ ಮೇಡಂ ಅಂದರು. ಕೂಗಿದ್ದು ನಾನು, ನೀವ್ಯಾಕೆ ಸಾರಿ ಕೇಳ್ತೀರಿ ಅಂತ ಅದಕ್ಕೂ ರೇಗಿದೆ. ಅವರು ಚಹಾ ತರಿಸಿದರು.

ಹೊರಡುವಾಗ, ಮೋಹನದ ಗಾಂಧಾರ ಹ್ಯಾಗೆ ಅಲುಗಿಸ್ತೀರಿ ಅಂತ ಕೇಳಿದೆ. ಅಷ್ಟು ಅತ್ತ ಮೇಲೂ ನನ್ನ ಕುತೂಹಲ ಸತ್ತಿರಲಿಲ್ಲ. ನಡುವಿನ ಗುಂಡಿಯನ್ನು ಅರ್ಧಕ್ಕೆ ಹಿಡಿದು, ಮಿಕ್ಕಿದ್ದನ್ನು ತುಟಿಯಲ್ಲಿ ಮಾಡಬೇಕು ಅಂತ ತೋರಿಸಿದರು. ಆಮೇಲೆ ಅವರೇ, "ಭಾನುವಾರ ಸಂಜೆ ನಿಮ್ಮ ಛತ್ರಕ್ಕೇ ಬರ್ತಿದೀವಿ ಮೇಡಂ. ಈ ಸಲ ನಿಲ್ಸಲ್ಲ" ಅಂದರು.

ಭಾನುವಾರ ನಾಲ್ಕು ಗಂಟೆಗೇ ಅಮ್ಮನ ಕೋಣೆ ಗುಡಿಸಿದೆ. ಮಂಚ ಯಾವತ್ತೋ ಹೋಗಿದೆ, ಆ ಜಾಗದಲ್ಲಿ ಒಂದು ಕುರ್ಚಿ ಹಾಕಿದೆ. ಕಿಟಕಿಯ ಚಿಲಕ ಬಿಗಿದುಕೊಂಡಿತ್ತು. ಕೊಬ್ಬರಿ ಎಣ್ಣೆ ಬಿಟ್ಟು, ಲಟ್ಟಣಿಗೆಯಲ್ಲಿ ಬಡಿದು ಒಂದು ಬಾಗಿಲು ತೆಗೆಯುವಷ್ಟರಲ್ಲಿ ಮಾರ್ಕೆಟ್ಟಿನ ಕಡೆ ಸದ್ದು ಕೇಳಿತು. ನರ್ಸಿಂಗ್ ಹೋಮಿನ ಹತ್ತಿರ ನಿಂತಿತು, ಶುರುವಾಯಿತು. ಮಸೀದಿಯ ಹತ್ತಿರ ನಿಂತಿತು, ಶುರುವಾಯಿತು. ಆಮೇಲೆ ಲೈಟು ಕಂಬದ ಹತ್ತಿರ ಬಂದರು ನೋಡಿ, ಮಾಸ್ಟರ ಕೈ ಎಂಟು ವರ್ಷದ ಅಭ್ಯಾಸದಿಂದ ತಾನಾಗೇ ಡ್ರಮ್ಮಿನ ಅಂಚಿಗೆ ಹೋಯಿತು. ಟಿಕ್ ಟಿಕ್. ಇಡೀ ಸೆಟ್ಟು ಸುಮ್ಮನಾಯಿತು. ಎಲ್ಲರೂ ವಾದ್ಯಗಳನ್ನು ಕಂಕುಳಿಗೆ ಸೇರಿಸಿದರು.

ಟ್ರಂಪೆಟ್ಟಿನವರೊಬ್ಬರು ಮಾತ್ರ ಸಾಲು ಬಿಟ್ಟು ಪಕ್ಕಕ್ಕೆ ಬಂದರು. ನನ್ನ ಗೇಟಿನ ಮುಂದೆ ನಿಂತು, ಕಿಟಕಿಯ ಕಡೆ ತಿರುಗಿ, ಒಬ್ಬರೇ ಊದಿದರು. ಮದುವೆ ಹಾಡಲ್ಲ, ಆಲ್ಬಮ್ಮಿನ ಮೂರನೆಯದು, ಮೋಹನ. ಮಾಸ್ಟರಿಗೆ ತಮ್ಮ ತಪ್ಪು ಗೊತ್ತಾಗಿರಬೇಕು, ಆದರೂ ಅವರು ಅಂಚಿನ ಮೇಲೇ ತಟ್ಟುತ್ತಾ ಇದ್ದರು, ಅದು ಅದಕ್ಕೆ ಸರಿಹೋಗುತ್ತಿತ್ತು. ಹಿಂದೆ ಕಾರಿನಲ್ಲಿ ಮದುವೆ ಗಂಡು ಪೇಟ ಸರಿಮಾಡಿಕೊಂಡು ಇಣುಕಿ ನೋಡುತ್ತಿದ್ದ. ಟ್ರಂಪೆಟ್ಟಿನವರ ಕೆನ್ನೆ ಉಬ್ಬಿದ್ದು ನನಗೆ ಕಿಟಕಿಯಿಂದ ಚೆನ್ನಾಗಿ ಕಾಣುತ್ತಿತ್ತು.

ಎದುರು ಮನೆಯವರು ಬಾಲ್ಕನಿಗೆ ಬಂದು, "ಏನ್ರೀ ಇದು, ಮನೆ ಮುಂದೇನೇ ನಿಂತು ಊದ್ತಿದಾರಲ್ಲ, ಯಾರು ಹೇಳಿದ್ದು ಇವ್ರಿಗೆ?" ಅಂತ ಕೂಗಿ ಕೇಳಿದರು.

"ನಾನೇ ಹೇಳಿದ್ದು" ಅಂದೆ. ಕಿಟಕಿಯ ಇನ್ನೊಂದು ಬಾಗಿಲನ್ನೂ ತೆಗೆದೆ.